ಹೋಗುವಾಗ ಅವರು, ಬರುವಾಗ ನಾನು

1/9

ಫೋಟೋ ನೋಡಿದ್ರಲ್ಲ. ಮುಂದೆ ಕೂತು ಗಾಡಿ ಓಡಿಸ್ತಿರೋದು ನಮ್ಮಮ್ಮ. ಹಿಂದೆ ಕೂತಿರೋದು ನಮ್ಮಪ್ಪ. ಗಾಡಿ 1991ರ ಯೆಜ್ಡಿ ರೋಡ್‌ಕಿಂಗ್. ಜಾಗ ಮೈಸೂರು-ನಂಜನಗೂಡು ರೋಡು, ಬೆಳಿಗ್ಗೆ ಆರೂವರೆ. ತೆಗೆದಿದ್ದು ನಾನು, ಮುಂದೆ ಹೋಗಿ ಸ್ಕೂಟಿ ನಿಲ್ಲಿಸಿಕೊಂಡು. ಓಡಿಸ್ತಾ ತೆಗೆದಿಲ್ಲ. ಇದನ್ನ ಅಮ್ಮ ಓದ್ತಾಳೆ, ಅದಕ್ಕೇ ಸ್ಪಷ್ಟವಾಗಿ ಬರೀತಿದೀನಿ.

ಮೊನ್ನೆ ಇದನ್ನ ಸ್ಟೋರಿಗೆ ಹಾಕಿದಾಗ ನಲವತ್ತಕ್ಕೂ ಹೆಚ್ಚು ಜನ ರಿಪ್ಲೈ ಮಾಡಿದ್ರಿ. ಬೆಂಕಿ ಎಮೋಜಿ, 'ಆಂಟಿ ಮಾಸ್', 'ಆಂಟಿ ಬೇರೆ ಲೆವೆಲ್'. ಥ್ಯಾಂಕ್ಸ್. ಎಲ್ಲಾನೂ ಅಮ್ಮಂಗೆ ಓದಿ ಹೇಳಿದೆ. 'ಮಾಸ್ ಅಂದ್ರೇನೇ?' ಅಂತ ಕೇಳಿದ್ಲು. ವಿವರಿಸೋಕೆ ಹೋಗಿ ನಾನೇ ಸಿಕ್ಕಾಕೊಂಡೆ.

ಆದ್ರೆ ಐದಾರು ಜನ ಒಂದೇ ಥರ ಕೇಳಿದೀರ. 'ಅಂಕಲ್ ಯಾಕೆ ಹಿಂದೆ?' ಅಂತ. ಪಕ್ಕದಲ್ಲಿ ನಗೋ ಎಮೋಜಿ. ನಮ್ಮ ಕ್ಲಾಸಿನೋರೂ ಇದ್ದೀರ ಅದರಲ್ಲಿ, ಹೆಸರು ಹೇಳಲ್ಲ. ತಮಾಷೆಗೆ ಕೇಳಿದ್ದು ಅಂತ ಗೊತ್ತು. ಆದ್ರೂ ಆ ಮೆಸೇಜ್‌ಗಳನ್ನ ಮಾತ್ರ ಮನೇಲಿ ಓದಿ ಹೇಳಲಿಲ್ಲ.

ಉತ್ತರ ಒಂದು ಲೈನಲ್ಲಿ ಕೊಡಬಹುದಿತ್ತು. ಅಪ್ಪಂಗೆ ಕಣ್ಣು ಸರಿ ಕಾಣಲ್ಲ, ಅದಕ್ಕೆ ಹಿಂದೆ. ಆದ್ರೆ ಅಷ್ಟೇ ಹೇಳಿದ್ರೆ ಅರ್ಧ ಸುಳ್ಳಾಗುತ್ತೆ. ಕಣ್ಣು ಚೆನ್ನಾಗಿದ್ದಾಗ್ಲೂ ಅವರು ಹಿಂದೆ ಕೂತಿದ್ರು. ಅದಕ್ಕೇ ಪೂರ್ತಿ ಬರೀತೀನಿ. ಉದ್ದ ಇದೆ, ಒಂಬತ್ತು ಪೋಸ್ಟ್. ಓದೋರು ಓದಿ, ಮಿಕ್ಕೋರು ಗಾಡಿ ಫೋಟೋ ನೋಡಿ ಲೈಕ್ ಒತ್ತಿ ಹೋಗಿ.

ಇನ್ನೊಂದು ಮಾತು. 'ಅಪ್ಪ ಬಂದ್ರು, ಅಮ್ಮ ಬಂದ್ಲು' ಅಂತಾನೇ ಬರೀತೀನಿ. ಮನೇಲಿ ಹಾಗೇ ಅಭ್ಯಾಸ. ಕಾಮೆಂಟಲ್ಲಿ ಕ್ಲಾಸ್ ತಗೋಬೇಡಿ.

2/9

ಮೊದಲು ಗಾಡಿ ಬಗ್ಗೆ. ಫೋಟೋ 1ರಲ್ಲಿ ಟ್ಯಾಂಕು, 2ರಲ್ಲಿ ಎಡಗಡೆಯ ಲಿವರು, 3ರಲ್ಲಿ ನಮ್ಮ ಬೆಕ್ಕು (ಸೀಟು ಅದರದ್ದೇ ಅನ್ಕೊಂಡಿದೆ).

ಮೈಸೂರಿನೋರಿಗೆ ಯೆಜ್ಡಿ ಅಂದ್ರೆ ಊರ ಗಾಡಿ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು. 1961ರಿಂದ ಅಲ್ಲಿ ಜಾವಾ ಗಾಡಿ ತಯಾರಾಗೋಕೆ ಶುರುವಾಯ್ತು, ಆಮೇಲೆ ಯೆಜ್ಡಿ ಅಂತ ಹೆಸರಾಯ್ತು, 1996ಕ್ಕೆ ಎಲ್ಲ ಮುಗೀತು. ಜಾವಾ ಅನ್ನೋದು ಜೆಕ್ ಕಂಪನಿ. ಯಾನೆಚೆಕ್ ಮತ್ತೆ ವಾಂಡರರ್ ಅನ್ನೋ ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ. ಇದನ್ನ ಅಪ್ಪ ನಂಗೆ ಅ ಆ ಇ ಈ ಜೊತೆಗೇ ಕಲಿಸಿದ್ರು. ಈಗ ಷೋರೂಮಲ್ಲಿ ಸಿಗೋ ಯೆಜ್ಡಿ 2022ರಲ್ಲಿ ಹೊಸದಾಗಿ ಬಂದಿದ್ದು, ಫೋರ್ ಸ್ಟ್ರೋಕು. ನಮ್ಮದು ಹಳೇ ಟೂ ಸ್ಟ್ರೋಕು. 250 ಸಿಸಿ, ಒಂದೇ ಸಿಲಿಂಡರು, ಆದ್ರೆ ಎರಡು ಸೈಲೆನ್ಸರು. ಆ ಡುಗ್ ಡುಗ್ ಸೌಂಡಿಗೆ ನಮ್ಮ ಬೀದಿಯ ನಾಯಿಗಳೂ ಒಗ್ಗಿಕೊಂಡಿವೆ.

ಲಿವರ್ ಕಥೆ ಹೇಳಲೇಬೇಕು. ಇದರಲ್ಲಿ ಕಿಕ್ಕರು, ಗೇರ್ ಲಿವರು ಎರಡೂ ಒಂದೇ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್ ಆಗುತ್ತೆ. ಸ್ಟಾರ್ಟ್ ಆದ್ಮೇಲೆ ವಾಪಸ್ ತಂದು ಕೂರಿಸಿದ್ರೆ ಗೇರ್. ಗೇರ್ ಲಿವರ್ ಮೇಲೆ ಕಾಲಿಟ್ಟು ಒತ್ತಿದ್ರೆ ಕ್ಲಚ್ ಕೂಡ ತಾನೇ ಬಿಡುತ್ತೆ, ಕೈ ಹಚ್ಚದಿದ್ರೂ ನಡೆಯುತ್ತೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಟೂಟಿ ಆಯಿಲ್ ಸೇರಿಸಬೇಕು. ಲೀಟರಿಗೆ 40 ಎಂಎಲ್, ಅಪ್ಪನ ಲೆಕ್ಕ. ಕಮ್ಮಿ ಆದ್ರೆ ಪಿಸ್ಟನ್ ಜಾಮ್, ಜಾಸ್ತಿ ಆದ್ರೆ ಹಿಂದೆ ಬರೋರ ಶಾಪ.

ಅಪ್ಪ ಇದನ್ನ 1997ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 16 ಸಾವಿರಕ್ಕೆ. ಅವರಿಗೆ ಆಗ 24 ವರ್ಷ. ನಂಜನಗೂಡಿನ ಒಂದು ಫ್ಯಾಕ್ಟರಿಯ ಸ್ಟೋರ್ಸಲ್ಲಿ ಕೆಲಸ. ಗಾಡಿ ತಗೊಂಡ ದಿನ ಅಜ್ಜಿ ಮಾತಾಡ್ಲಿಲ್ವಂತೆ. ಅಷ್ಟು ದುಡ್ಡಲ್ಲಿ ತಂಗಿಗೆ ಬಳೆ ಮಾಡಿಸಬಹುದಿತ್ತು ಅಂತ.

3/9

2001ರಲ್ಲಿ ಮದುವೆ. ಈ ಫೋಟೋ ಆಗಿನದ್ದೇ, ಮಾಸಿದೆ. ಅಮ್ಮ ಒಂದೇ ಕಡೆ ಕಾಲು ಹಾಕ್ಕೊಂಡು ಕೂತಿದಾಳೆ, ರೇಷ್ಮೆ ಸೀರೆ, ಕೈಯಲ್ಲಿ ತೆಂಗಿನಕಾಯಿ ಚೀಲ. ಮುಖದಲ್ಲಿ ನಗು ಇಲ್ಲ, ಗಮನಿಸಿ.

ಅಮ್ಮಂದು ಕೆ.ಆರ್.ನಗರದ ಹತ್ರದ ಹಳ್ಳಿ. ಮದುವೆಗೆ ಮುಂಚೆ ಅವರಣ್ಣನ ಲೂನಾ ಓಡಿಸಿದ್ದು ಬಿಟ್ರೆ ಬೇರೇನೂ ಗೊತ್ತಿರಲಿಲ್ಲ. ಮದುವೆಯಾದ ಹೊಸದ್ರಲ್ಲಿ ಅಪ್ಪ ಭಾನುವಾರ ಬಂದ್ರೆ ಸಾಕು, ಹೊರಡು ಹೊರಡು ಅಂತಿದ್ರಂತೆ. ಬೆಟ್ಟ, ಕೆಆರ್‌ಎಸ್, ಶ್ರೀರಂಗಪಟ್ಟಣ. ಅಮ್ಮಂಗೆ ಬೆನ್ನು ನೋವು, ಸೆರಗು ಹಿಡ್ಕೊಳ್ಳೋದೇ ಕೆಲಸ, ಮುಂದೆ ಏನೂ ಕಾಣಲ್ಲ. ಒಂದು ಕಡೆ ಕಾಲು ಹಾಕಿ ಕೂತ್ರೆ ಅರ್ಧ ಪ್ರಪಂಚ ಮಾತ್ರ ಕಾಣೋದು, ಅದೂ ಎಡಗಡೆಯ ಅರ್ಧ ಅಂತಾಳೆ ಅವಳು. ನಮ್ಮಲ್ಲಿ ಬೈಕಿಗೆ ಸೀರೆ ಗಾರ್ಡ್ ಇರಲೇಬೇಕು ಅಂತ ರೂಲೇ ಇದೆ, ಗೊತ್ತಾ? ಹಿಂದೆ ಹೆಂಗಸು ಹೀಗೇ ಕೂರ್ತಾಳೆ ಅಂತ ಕಾನೂನು ಮಾಡಿದೋರಿಗೂ ಗೊತ್ತಿತ್ತು. ಅವಳು ಮುಂದೆ ಕೂರಬಹುದು ಅನ್ನೋದು ಯಾರಿಗೂ ಹೊಳೆದಿರಲಿಲ್ಲ.

ಮೂರು ತಿಂಗಳಾದ ಮೇಲೆ ಅಮ್ಮ ಒಂದು ದಿನ, 'ರೀ, ನಂಗೂ ಕಲಿಸಿ. ಇಲ್ಲಾಂದ್ರೆ ಇನ್ಮೇಲೆ ನಾನು ಬರಲ್ಲ, ನೀವೇ ಹೋಗ್ಬನ್ನಿ' ಅಂದ್ಲಂತೆ.

ಅಪ್ಪ ನಕ್ಕರು. ಆಮೇಲೆ ಅವಳು ನಗ್ತಿಲ್ಲ ಅಂತ ನೋಡಿ ಸುಮ್ಮನಾದ್ರು. ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಮಾನಸಗಂಗೋತ್ರಿ ಒಳಗಿನ ರೋಡಿಗೆ ಕರ್ಕೊಂಡು ಹೋದ್ರು. ಯಾರೂ ನೋಡಬಾರದು ಅಂತ ಅಷ್ಟೊತ್ತಿಗೆ. ಅಜ್ಜಿಗೆ ದೇವಸ್ಥಾನ ಅಂತ ಹೇಳಿದ್ದು.

ಕಿಕ್ ಹೊಡೆಯೋದೇ ಎರಡು ವಾರ ಹಿಡೀತು. ಈ ಗಾಡಿ ಸರಿಯಾಗಿ ಒದೀದಿದ್ರೆ ವಾಪಸ್ ಒದೆಯುತ್ತೆ. ಅಮ್ಮನ ಮೊಣಕಾಲ ಕೆಳಗೆ ಇನ್ನೂ ಒಂದು ಕಪ್ಪು ಗುರುತಿದೆ. ಕಾಲು ಊದ್ಕೊಂಡು ಕುಂಟ್ತಾ ಮನೆಗೆ ಬಂದಾಗ ಅಜ್ಜಿ, 'ಎಷ್ಟು ಪ್ರದಕ್ಷಿಣೆ ಹಾಕಿದೆಯಮ್ಮ?' ಅಂತ ಕೇಳಿದ್ರಂತೆ. ಅಮ್ಮ ನೂರೆಂಟು ಅಂದ್ಲಂತೆ.

ಅಜ್ಜಿಗೆ ವಿಷಯ ಗೊತ್ತಾಗಿದ್ದು ತರಕಾರಿ ಗಾಡಿಯವರಿಂದ. ಮೂರು ದಿನ ಮನೇಲಿ ಯುದ್ಧ. ಅಮ್ಮ ಚೂಡಿದಾರ್ ಹೊಲಿಸಿಕೊಂಡಿದ್ದಕ್ಕೆ ಇನ್ನೂ ಎರಡು ದಿನ ಸೇರಿಸಿ. ಆಮೇಲೆ ಒಂದು ಸಲ ರಾತ್ರಿ ಅಜ್ಜಿಗೆ ಹೊಟ್ಟೆನೋವು ಬಂದು, ಅಪ್ಪ ನೈಟ್ ಶಿಫ್ಟಲ್ಲಿದ್ದು, ಅಮ್ಮನೇ ಅಜ್ಜೀನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ್ಲು. (ಅವತ್ತು ಅಪ್ಪ ಫ್ಯಾಕ್ಟರಿ ಬಸ್ಸಲ್ಲಿ ಹೋಗಿದ್ರು, ಅದೃಷ್ಟ.) ಸಿನಿಮಾ ಆಗಿದ್ರೆ ಅಲ್ಲಿಗೆ ಅಜ್ಜಿ ಬದಲಾಗಬೇಕಿತ್ತು. ಬದಲಾಗಲಿಲ್ಲ. 'ನಿಧಾನಕ್ಕೆ ಓಡಿಸೋಕೆ ಏನು ರೋಗ?' ಅಂತ ಬೈದ್ರು, ಅಷ್ಟೇ.

4/9

ಆಗಿಂದ ಒಂದು ರೂಲು ಶುರುವಾಯ್ತು. ಹೋಗುವಾಗ ಅಪ್ಪ, ಬರುವಾಗ ಅಮ್ಮ. ಎಲ್ಲಿಗೇ ಹೋಗಲಿ, ತಲುಪಿದ ಮೇಲೆ ಕೀ ಕೈ ಬದಲಾಗ್ಬೇಕು. ಮಳೆ ಬಂದ್ರೂ, ಕತ್ತಲಾದ್ರೂ. ಅದಕ್ಕೇ ಹೇಳಿದ್ದು, ಕಣ್ಣು ಚೆನ್ನಾಗಿದ್ದಾಗ್ಲೂ ಅಪ್ಪ ಹಿಂದೆ ಕೂತಿದ್ರು ಅಂತ.

ನಾನು ಹುಟ್ಟಿದ್ದು 2005ರಲ್ಲಿ. ನನ್ನ ಮೊದಲ ನೆನಪುಗಳೆಲ್ಲ ಪೆಟ್ರೋಲ್ ಟ್ಯಾಂಕ್ ಮೇಲಿನವು. ಸಣ್ಣೋಳಿದ್ದಾಗ ಮುಂದೆ, ಸ್ವಲ್ಪ ದೊಡ್ಡೋಳಾದ ಮೇಲೆ ಇಬ್ಬರ ಮಧ್ಯೆ ಸ್ಯಾಂಡ್‌ವಿಚ್. ಮೇಲುಕೋಟೆ, ಸೋಮನಾಥಪುರ, ತಲಕಾಡು, ಗೋಪಾಲಸ್ವಾಮಿ ಬೆಟ್ಟ. ಆಗ ಬೆಟ್ಟದ ಮೇಲಿನವರೆಗೂ ನಮ್ಮ ಗಾಡೀಲೇ ಹೋಗಬಹುದಿತ್ತು, ಈಗ ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸೇ ಹತ್ತಬೇಕು. ಮೂರು ಜನ ಒಂದು ಬೈಕಲ್ಲಿ ಹೋಗೋದು ತಪ್ಪು ಅಂತ ಗೊತ್ತು. ಆಗ ನಮಗೂ ಗೊತ್ತಿತ್ತು. ಈಗ ಯಾರೂ ಮಾಡಬೇಡಿ.

ಅವರಿಬ್ಬರೂ ಗಾಡಿ ಮೇಲೆ ರೊಮ್ಯಾಂಟಿಕ್ಕಾಗಿ ಹೋಗ್ತಿದ್ರು ಅನ್ಕೊಂಡ್ರೆ ನಿಮ್ಮ ಭ್ರಮೆ. ದಾರಿ ಪೂರ್ತಿ ಜಗಳ. ಅಪ್ಪಂಗೆ ತಿರುವಲ್ಲಿ ಸ್ಪೀಡ್ ಕಮ್ಮಿ ಮಾಡೋದಂದ್ರೆ ಅವಮಾನ. ಅಮ್ಮ ತಿರುವು ಬರೋಕೆ ಮುಂಚೆನೇ ಗೇರ್ ಇಳಿಸ್ತಾಳೆ. ಅಪ್ಪ ಲಾರಿ ಹಿಂದೆ ಐದು ನಿಮಿಷ ಕಾಯಲ್ಲ, ಅಮ್ಮ ಐದು ಕಿಲೋಮೀಟರ್ ಕಾಯ್ತಾಳೆ. 2012ರಲ್ಲಿ ನನ್ನ ಅಜ್ಜಿ ಮನೇಲಿ ಬಿಟ್ಟು ಇಬ್ಬರೇ ತಲಕಾವೇರಿಗೆ ಹೋಗಿದ್ರು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಭಾಗಮಂಡಲ. ಬರುವಾಗ ಮಡಿಕೇರಿ ಇಳಿಜಾರಲ್ಲಿ ಮಂಜು. ಅಮ್ಮ ಇಪ್ಪತ್ತರ ಸ್ಪೀಡಲ್ಲಿ ಬಂದ್ಲಂತೆ. ಅಪ್ಪ ಹಿಂದೆ ಕೂತು ತಡ್ಕೊಳ್ಳಕ್ಕಾಗ್ದೆ, 'ನಾನು ಇಳಿದು ನಡ್ಕೊಂಡು ಬರ್ಲಾ, ಮುಂಚೆ ತಲುಪ್ತೀನಿ' ಅಂದಿದ್ದಕ್ಕೆ ಅವಳು ನಿಜವಾಗ್ಲೂ ಗಾಡಿ ನಿಲ್ಲಿಸಿದ್ಲು. ಅಪ್ಪ ಇಳಿದ್ರು. ಅವಳು ಹೊರಟುಬಿಟ್ಲು.

ಒಂದು ಕಿಲೋಮೀಟರ್ ಮುಂದೆ ಟೀ ಅಂಗಡಿ ಹತ್ರ ಕಾಯ್ತಾ ಇದ್ಲು, ಎರಡು ಟೀ ಹೇಳಿ. ಅಪ್ಪ ಬರೋಷ್ಟರಲ್ಲಿ ಟೀ ಆರಿತ್ತು ಅನ್ನೋದು ಇವತ್ತಿಗೂ ಅವರ ಕಂಪ್ಲೇಂಟು.

5/9

ಈ ಪೋಸ್ಟಿಗೆ ಫೋಟೋ ಇಲ್ಲ, ಇದರ ಫೋಟೋ ತೆಗೆಯೋಕಾಗಲ್ಲ. ಖಾಲಿ ರೋಡ್ ಹಾಕಿದೀನಿ.

ಹೆಲ್ಮೆಟ್ ಹಾಕ್ಕೊಂಡ್ರೆ ಹಿಂದಿನೋರ ಮಾತು ಮುಂದಿನೋರಿಗೆ ಕೇಳಲ್ಲ. ನಮ್ಮ ರಾಜ್ಯದಲ್ಲಿ ಹಿಂದೆ ಕೂತೋರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರಲ್ಲಿ. ಅಮ್ಮ ಅದಕ್ಕೆ ಮುಂಚೆನೇ ಹಾಕ್ತಿದ್ಲು, ಜನ ನೋಡಿ ನಗ್ತಿದ್ರು. ಮಾತು ಕೇಳಲ್ವಲ್ಲ, ಅದಕ್ಕೆ ಅವರಿಬ್ಬರೂ ಒಂದು ಭಾಷೆ ಮಾಡ್ಕೊಂಡಿದ್ರು. ಭುಜದ ಮೇಲೆ ತಟ್ಟೋದು. ಎಡ ಭುಜ ಒಂದು ಸಲ ತಟ್ಟಿದ್ರೆ ಎಡಗಡೆ ಏನೋ ಇದೆ, ದನವೋ ನಾಯಿಯೋ ಮಗುವೋ. ಬಲ ಭುಜ ಅಂದ್ರೆ ಹಿಂದಿಂದ ದೊಡ್ಡ ಗಾಡಿ ಬರ್ತಿದೆ. ಎರಡೂ ಭುಜ ಒಟ್ಟಿಗೆ ಅಂದ್ರೆ ಮುಂದೆ ಹಂಪು. ಬೆನ್ನ ಮಧ್ಯೆ ಎರಡು ಸಲ ಅಂದ್ರೆ ಟೀ. ಬೆನ್ನ ಮಧ್ಯೆ ಗುದ್ದಿದ್ರೆ ಸಿಟ್ಟು ಬಂದಿದೆ ಅಂತ, ಅದಕ್ಕೆ ಯಾರಿಗೂ ಡಿಕ್ಷನರಿ ಬೇಡ.

ಮಧ್ಯದಲ್ಲಿ ಕೂರ್ತಿದ್ದ ನಂಗೆ ಈ ಎಲ್ಲ ಮೆಸೇಜೂ ತಲೆ ಮೇಲಿಂದ ಪಾಸಾಗ್ತಿದ್ವು.

ಅಪ್ಪಂಗೆ ಶುಗರ್ ಶುರುವಾಗಿದ್ದು 2014ರಲ್ಲಿ. ಮಾತ್ರೆ ತಗೋತಿದ್ರು, ಜಾಮೂನೂ ತಗೋತಿದ್ರು. 2022ರ ಹೊತ್ತಿಗೆ ಅಮ್ಮ ಒಂದು ಗಮನಿಸಿದ್ದಾಳೆ. ತಾನು ತಟ್ಟೋದು ಜಾಸ್ತಿ ಆಗಿದೆ ಅಂತ. ಮುಂಚೆ ಮೇಲುಕೋಟೆಗೆ ಹೋಗೋ ದಾರೀಲಿ ನಾಲ್ಕೈದು ಸಲ ತಟ್ಟಿದ್ರೆ ಹೆಚ್ಚು. ಈಗ ಶ್ರೀರಂಗಪಟ್ಟಣ ದಾಟೋಷ್ಟರಲ್ಲೇ ಹತ್ತು ಸಲ. ಅವಳು ತಟ್ಟಿದ ಮೇಲೇ ಅಪ್ಪ ಬ್ರೇಕ್ ಹಾಕ್ತಿದ್ರು. ತಟ್ಟೋಕೆ ಮುಂಚೆ ಹಾಕ್ತಿರಲಿಲ್ಲ. ಸಂಜೆ ಹೊತ್ತಲ್ಲಂತೂ ಅವಳ ಕೈ ಭುಜ ಬಿಟ್ಟು ಇಳೀತಾನೇ ಇರಲಿಲ್ಲ.

ಅಪ್ಪಂಗೂ ಗೊತ್ತಿತ್ತು. ಎಡಗಣ್ಣಲ್ಲಿ ಕಪ್ಪು ಚುಕ್ಕಿ ತೇಲೋ ಹಾಗೆ ಕಾಣ್ತಿತ್ತಂತೆ. ಕನ್ನಡಕದ ನಂಬರ್ ಅಂತ ಸುಮ್ಮನಿದ್ರು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ. ಹೇಳಿದ್ರೆ ಭಾನುವಾರಗಳು ನಿಂತುಹೋಗ್ತಾವೆ ಅಂತ. ಇದನ್ನ ಅಮ್ಮ ನಂಗೆ ಹೇಳಿದ್ದು ಹೋದ ವರ್ಷ. ನಂಗೆ ಆಗ ಅವಳ ಮೇಲೆ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ.

6/9

2023 ನವೆಂಬರ್. ನಾನು ಆಗ ತಾನೇ ಬಿಕಾಂ ಸೇರಿದ್ದೆ. ಒಬ್ಬರ ಗೃಹಪ್ರವೇಶಕ್ಕೆ ಇಬ್ಬರೂ ಹೊರಟಿದ್ದು, ಸಂಜೆ ಆರೂಕಾಲು. ಹೋಗೋ ದಾರಿ, ಹಾಗಾಗಿ ಅಪ್ಪನ ಸರದಿ. ರಿಂಗ್ ರೋಡ್ ಬಿಟ್ಟು ಒಳಗೆ ತಿರುಗಿದ ಮೇಲೆ ಒಂದು ಹಂಪು, ಬಣ್ಣ ಹೊಡೆದಿರಲಿಲ್ಲ. ಅಮ್ಮ ಎರಡೂ ಭುಜ ತಟ್ಟೋಕೆ ಒಂದೇ ಕೈ ಖಾಲಿ ಇತ್ತು. ಇನ್ನೊಂದರಲ್ಲಿ ಗಿಫ್ಟ್ ಪ್ಯಾಕೆಟ್, ಸ್ಟೀಲ್ ಡಬ್ಬಿ ಸೆಟ್ಟು. ಒಂದು ಭುಜ ತಟ್ಟಿದ್ಲು. ಅಪ್ಪ ದನ ಅನ್ಕೊಂಡು ಎಡಗಡೆ ನೋಡಿದ್ರು.

ಅಪ್ಪಂಗೆ ಮಂಡಿ ತರಚಿತು, ಅಷ್ಟೇ. ಅಮ್ಮನ ಬಲ ಮಣಿಕಟ್ಟು ಮುರೀತು.

ಅಮ್ಮ ಮನೇಲೇ ಬ್ಲೌಸ್ ಹೊಲೀತಾಳೆ, ನಿಮ್ಮಲ್ಲಿ ಕೆಲವರ ಅಮ್ಮಂದಿರು ಅವಳ ಹತ್ರಾನೇ ಹೊಲಿಸೋದು. ಆರು ವಾರ ಕೈಗೆ ಬ್ಯಾಂಡೇಜು, ಮದುವೆ ಸೀಸನ್ನು, ಒಪ್ಪಿಕೊಂಡಿದ್ದ ಬಟ್ಟೆ ಎಲ್ಲ ಮಡಿಚಿ ವಾಪಸ್ ಕೊಟ್ಟಿದ್ದು ನಾನು. ಅಡ್ವಾನ್ಸ್ ವಾಪಸ್ ಕೊಟ್ಟ ಲೆಕ್ಕಾನೂ ನಾನೇ ಬರೆದೆ.

ಅಪ್ಪನ ಕಣ್ಣು ಟೆಸ್ಟ್ ಮಾಡಿಸಿದ್ದು ಆಮೇಲೆ. ಡಯಾಬಿಟಿಕ್ ರೆಟಿನೋಪತಿ. ಶುಗರ್ ಜಾಸ್ತಿ ಇದ್ದು ಇದ್ದು ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಹಾಳಾಗ್ತಾವೆ, ಸೋರ್ತಾವೆ. ಮೊದಲು ಮೊದಲು ಏನೂ ಗೊತ್ತಾಗಲ್ಲ, ಗೊತ್ತಾಗೋಷ್ಟರಲ್ಲಿ ತಡ ಆಗಿರುತ್ತೆ. ಲೇಸರ್, ಇಂಜೆಕ್ಷನ್ ಎಲ್ಲ ಕೊಡ್ತಾರೆ, ಅದು ಮುಖ್ಯವಾಗಿ ಇರೋದನ್ನ ಉಳಿಸಿಕೊಳ್ಳೋಕೆ. ಹೋಗಿದ್ದು ಪೂರ್ತಿ ವಾಪಸ್ ಬರೋದು ಕಷ್ಟ. ನಿಮ್ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ ವರ್ಷಕ್ಕೊಂದು ಸಲ ಕಣ್ಣಿನ ಪರದೆ ಚೆಕ್ ಮಾಡಿಸಿ, ಕನ್ನಡಕದ ಅಂಗಡೀಲಿ ಅಲ್ಲ, ಡಾಕ್ಟ್ರ ಹತ್ರ. ನಾವು ಒಂಬತ್ತು ವರ್ಷ ಮಾಡಿಸಿರಲಿಲ್ಲ.

ಡಾಕ್ಟ್ರು ಗಾಡಿ ಬೇಡ ಅಂದ್ರು. ಅಪ್ಪ ಒಂದು ಪ್ರಶ್ನೇನೂ ಕೇಳಲಿಲ್ಲ. ಮನೆಗೆ ಬಂದು ಕೀ ತೆಗೆದು ದೇವರ ಮನೆ ಗೂಡಲ್ಲಿ ಇಟ್ರು.

7/9

ಈ ಭಾಗ ಬರೆಯೋಕೆ ನಂಗೆ ಇಷ್ಟ ಇಲ್ಲ. ಇದರಲ್ಲಿ ನಾನು ಒಳ್ಳೆಯವಳಲ್ಲ.

2024 ಮಾರ್ಚ್. ಅಪ್ಪ, 'ಗಾಡಿ ಮಾರಿಬಿಡೋಣ' ಅಂದ್ರು. ನಾನು ತಕ್ಷಣ ಹೂಂ ಅಂದೆ. ಇಂಜೆಕ್ಷನ್ ಖರ್ಚು, ನನ್ನ ಮುಂದಿನ ವರ್ಷದ ಫೀಸು, ಅಮ್ಮನ ಕೈ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ಹಳೇ ರೋಡ್‌ಕಿಂಗಿಗೆ ಈಗ ಒಳ್ಳೇ ರೇಟು. ಆ ಸೆಮಿಸ್ಟರಲ್ಲಿ ನಾವು ಸವಕಳಿ ಓದ್ತಾ ಇದ್ವಿ. ರಿಟನ್ ಡೌನ್ ವ್ಯಾಲ್ಯೂ ಮೆಥಡ್, ನೆನಪಿದ್ಯಾ? ನಾನು ಸುಮ್ಮನೆ ಕೂತು 16 ಸಾವಿರಕ್ಕೆ ವರ್ಷಕ್ಕೆ 15 ಪರ್ಸೆಂಟ್ ಹಾಕ್ಕೊಂಡು ಹೋದೆ. 27 ವರ್ಷಕ್ಕೆ ಹತ್ತಿರ ಹತ್ತಿರ 200 ರೂಪಾಯಿ ಉಳಿಯುತ್ತೆ. ಪುಸ್ತಕದಲ್ಲಿ 200 ರೂಪಾಯಿ ಬಾಳೋ ಆಸ್ತಿಗೆ ಮಾರ್ಕೆಟಲ್ಲಿ ಲಕ್ಷದ ಮೇಲೆ ಕೊಡ್ತಾರೆ ಅಂದ್ರೆ ಮಾರದಿರೋದು ದಡ್ಡತನ. ಹಾಗಂತ ಅಪ್ಪಂಗೂ ವಿವರಿಸಿದೆ. ಜಂಬದಿಂದ.

ಫೋಟೋ ತೆಗೆದು ಜಾಹೀರಾತು ಬರೆದಿದ್ದೂ ನಾನೇ. 'ಸಿಂಗಲ್ ಹ್ಯಾಂಡ್ ಯೂಸ್ಡ್' ಅಂತ ಬರೆದೆ. ಅಮ್ಮ ಓದಿದ್ಲು, ಏನೂ ಹೇಳಲಿಲ್ಲ.

ಬೆಂಗಳೂರಿಂದ ಒಬ್ಬ ಹುಡುಗ ಬಂದ. ಒಳ್ಳೆಯವನೇ ಪಾಪ, ಐಟಿ ಕೆಲಸ, ಹಳೇ ಗಾಡಿ ಹುಚ್ಚು. ಒಂದು ಲಕ್ಷ ಮೂವತ್ತು ಸಾವಿರಕ್ಕೆ ಮಾತಾಯ್ತು, ಐದು ಸಾವಿರ ಅಡ್ವಾನ್ಸ್ ಕೊಟ್ಟ. ಆರ್‌ಸಿ ಪೇಪರ್ ಎಲ್ಲ ನೋಡಿದ. ಹೊರಡುವಾಗ ಅಪ್ಪನ್ನ ಕೇಳಿದ, 'ಅಂಕಲ್, ಇಷ್ಟು ವರ್ಷ ನೀವೊಬ್ರೇ ಓಡಿಸಿದ್ದಾ?'

ಅಪ್ಪ ಹೂಂ ಅಂದ್ರು. ಅಭ್ಯಾಸಬಲ ಅಷ್ಟೇ, ಬೇಕಂತ ಅಲ್ಲ.

ಅವನು ಹೋದ ಮೇಲೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದ್ಲು. ಅವಳು ಜೋರಾಗಿ ಮಾತಾಡೋಳಲ್ಲ. ಅವತ್ತೂ ಮಾತಾಡಲಿಲ್ಲ.

'ಗಾಡಿ ನೀವೊಬ್ರೇ ಓಡಿಸಿದ್ದಾ?'

ಅಪ್ಪ, 'ಅವನಿಗೆ ಏನೋ ಹೇಳಬೇಕಿತ್ತು, ಹೇಳಿದೆ. ಬಿಡು. ನಿನ್ನ ಕೈ ಮುರಿದಿದ್ದು ನಾನು. ಅದನ್ನ ಮನೇಲಿ ಇಟ್ಕೊಂಡು ದಿನಾ ನೋಡೋಕೆ ನಂಗಾಗಲ್ಲ' ಅಂದ್ರು.

'ನಿಮಗಾಗಲ್ಲ. ಸರಿ. ನನ್ನ ಕೇಳಿದ್ರಾ?'

'ನೀನು ನನ್ನ ಜೊತೆಗೆ ಅಂತ ಬರ್ತಿದ್ದೆ. ನಾನೇ ಇಲ್ಲ ಅಂದ್ಮೇಲೆ...'

ಅಮ್ಮ ಸ್ವಲ್ಪ ಹೊತ್ತು ಅವರನ್ನೇ ನೋಡಿದ್ಲು. 'ಇಪ್ಪತ್ಮೂರು ವರ್ಷ ನಾನು ನಿಮ್ಮ ಜೊತೆಗೆ ಬರ್ತಿದ್ದೆ ಅನ್ಕೊಂಡಿದ್ರಾ? ಬರುವಾಗ ನಾನು ಓಡಿಸ್ಬೋದಲ್ಲ, ಅದಕ್ಕೆ ಬರ್ತಿದ್ದೆ. ಹೋಗುವಾಗ ಅಷ್ಟು ದೂರ ಹಿಂದೆ ಕೂತು ಕಾಯ್ತಿದ್ದೆ.'

ಅಪ್ಪ ಏನೋ ಹೇಳೋಕೆ ಹೋಗಿ ಬಿಟ್ರು. ನಾನು ಫೋನ್ ನೋಡೋ ಹಾಗೆ ನಾಟಕ ಮಾಡ್ತಾ ಕೂತಿದ್ದೆ. ಸ್ಕ್ರೀನಲ್ಲಿ ಇನ್ನೂ ಆ ಜಾಹೀರಾತೇ ಇತ್ತು, 'ಸಿಂಗಲ್ ಹ್ಯಾಂಡ್ ಯೂಸ್ಡ್'.

ಮಾರನೇ ದಿನ ಆ ಹುಡುಗನಿಗೆ ಫೋನ್ ಮಾಡಿ ಅಡ್ವಾನ್ಸ್ ವಾಪಸ್ ಹಾಕಿದ್ದು ನಾನು. ಅವನಿಗೆ ಬೇಜಾರಾಯ್ತು. ಕಾರಣ ಹೇಳಿದೆ. 'ಆಂಟಿ ಓಡಿಸ್ತಾರಾ? ಹಾಗಾದ್ರೆ ನಂಗೆ ಬೇಡ, ಅವರ ಹತ್ರಾನೇ ಇರ್ಲಿ' ಅಂದ. ಇವತ್ತಿಗೂ ನನ್ನ ಫಾಲೋ ಮಾಡ್ತಾನೆ. ಹಾಯ್ ಅಣ್ಣ.

8/9

ಇಲ್ಲಿಗೆ ಕಥೆ ಸುಖಾಂತ್ಯ ಆಗಿ ಮ್ಯೂಸಿಕ್ ಬರಬೇಕಿತ್ತು. ಬರಲಿಲ್ಲ.

ಫೀಸಿಗೆ ಅಮ್ಮನ ಚೀಟಿ ದುಡ್ಡು ಎತ್ತಿದ್ವಿ, ತೊಂಬತ್ತು ಸಾವಿರಕ್ಕೆ ಇಪ್ಪತ್ತು ಬಿಟ್ಟು. ಆ ಇಪ್ಪತ್ತು ಸಾವಿರದ ಲೆಕ್ಕ ನನ್ನ ತಲೇಲಿ ಇನ್ನೂ ಓಡ್ತಾನೇ ಇದೆ. ಅಮ್ಮನ ಮಣಿಕಟ್ಟು ಕೂಡಿತು, ಆದ್ರೆ ಫ್ರಂಟ್ ಬ್ರೇಕ್ ಜೋರಾಗಿ ಹಿಡಿದ್ರೆ ನೋವು. ಫಿಸಿಯೋ ಕೊಟ್ಟ ರಬ್ಬರ್ ಚೆಂಡನ್ನ ಟಿವಿ ನೋಡ್ತಾ ಅಮುಕ್ತಾ ಕೂರ್ತಿದ್ಲು.

ಜೂನಲ್ಲಿ ಮೊದಲ ಸಲ ಗಾಡಿ ಹೊರಗೆ ತೆಗೆದಿದ್ದು. ಹೋಗುವಾಗಲೂ ಅಮ್ಮ, ಬರುವಾಗಲೂ ಅಮ್ಮ. ಅಪ್ಪ ಬರಲ್ಲ ಅಂದ್ರು. ಅಜ್ಜಿ (ಹೌದು, ಇದೇ ಅಜ್ಜಿ, ಈಗ 78) ಒಳಗಿಂದ, 'ಹೋಗೋ, ಅವಳೊಬ್ಬಳನ್ನೇ ಕಳಿಸ್ತೀಯಾ?' ಅಂದ್ರು. ಅದು ಪ್ರೀತಿಯೋ ಅನುಮಾನವೋ ಗೊತ್ತಿಲ್ಲ. ಕೆಲಸ ಮಾಡಿತು.

ಅಪ್ಪನಷ್ಟು ಕೆಟ್ಟ ಪಿಲಿಯನ್ ಪ್ರಪಂಚದಲ್ಲಿಲ್ಲ. ಮುಂಚೆ ಹಿಂದೆ ಕೂರುವಾಗ ಕಣ್ಣು ಕಾಣ್ತಿತ್ತು, ಬೈಕೊಂಡು ಕೂರ್ತಿದ್ರು. ಈಗ ಸರಿಯಾಗಿ ಕಾಣಲ್ಲ, ಹೆದರಿಕೆ. ತಿರುವಲ್ಲಿ ಗಾಡಿ ಎಡಕ್ಕೆ ವಾಲಿದ್ರೆ ಇವರು ಬಲಕ್ಕೆ. ಎದುರಿಂದ ಹಾರ್ನ್ ಕೇಳಿದ್ರೆ ಸಾಕು, ಕಾಲಲ್ಲಿ ಇಲ್ಲದಿರೋ ಬ್ರೇಕ್ ಒತ್ತೋದು. ಲಲಿತಮಹಲ್ ರೋಡಲ್ಲಿ ಅಮ್ಮನ ಸೊಂಟ ಎಷ್ಟು ಗಟ್ಟಿ ಹಿಡ್ಕೊಂಡಿದ್ರು ಅಂದ್ರೆ ಅವಳು ಉಸಿರಾಡೋಕೆ ಗಾಡಿ ನಿಲ್ಲಿಸಬೇಕಾಯ್ತು. ಅಲ್ಲಿ ಇಬ್ಬರೂ ಮರದ ಕೆಳಗೆ ನಿಂತ್ರು. ನಾನು ಹಿಂದೆ ಸ್ಕೂಟೀಲಿ. ಅಪ್ಪ ಹೆಲ್ಮೆಟ್ ತೆಗೀಲಿಲ್ಲ. ಗ್ಲಾಸ್ ಒಳಗಡೆ ಅಳ್ತಾ ಇದ್ರು ಅಂತ ನಂಗೆ ಆಮೇಲೆ ಗೊತ್ತಾಯ್ತು.

ಅವತ್ತು ಬೆಟ್ಟಕ್ಕೆ ಹೋಗ್ಲಿಲ್ಲ. ಅಲ್ಲಿಂದ್ಲೇ ವಾಪಸ್.

ಮುಂದಿನ ಭಾನುವಾರ ಅಮ್ಮ ಒಂದು ಹೊಸ ರೂಲ್ ಮಾಡಿದ್ಲು. 'ನನ್ನ ಹೆಗಲ ಮೇಲೆ ಕೈ ಇಡಿ. ಬೇರೆಲ್ಲೂ ಹಿಡಿಬೇಡಿ. ನನ್ನ ಹೆಗಲು ಯಾವ ಕಡೆ ಇಳಿಯುತ್ತೋ ನೀವೂ ಆ ಕಡೆ.' ತಟ್ಟೋ ಭಾಷೆ ಈಗ ಉಲ್ಟಾ. ಮುಂದಿರೋಳು ಹಿಂದಿರೋರಿಗೆ ಹೇಳ್ಬೇಕು. ಹಂಪ್ ಬಂದ್ರೆ ಅಮ್ಮ ಎರಡೂ ಹೆಗಲು ಒಟ್ಟಿಗೆ ಎತ್ತಿ ಇಳಿಸ್ತಾಳೆ. ದೂರದಿಂದ ನೋಡಿದ್ರೆ ಯಾರಿಗೋ 'ನಂಗೇನ್ ಗೊತ್ತು' ಅಂತಿರೋ ಹಾಗೆ ಕಾಣುತ್ತೆ.

ಆದ್ರೆ ಅಪ್ಪನ ಕಿವಿ ಇದೆಯಲ್ಲ, ಅದು ಹೋಗಿಲ್ಲ. ಚೈನ್ ಸಡಿಲ ಆಗಿದ್ರೆ, ಪಾಯಿಂಟ್ ಸರಿ ಇಲ್ಲದಿದ್ರೆ, ಪ್ಲಗ್ಗಿಗೆ ಮಸಿ ಕಟ್ಟಿದ್ರೆ ಅಮ್ಮಂಗಿಂತ ಮುಂಚೆ ಅವರಿಗೆ ಗೊತ್ತಾಗುತ್ತೆ. ಬೆನ್ನ ಮಧ್ಯೆ ಮೂರು ಸಲ ತಟ್ತಾರೆ, ಅದು ಹೊಸ ಶಬ್ದ, ನಿಲ್ಲಿಸು ಅಂತ. ಕೈಲಿ ಮುಟ್ಟಿ ಮುಟ್ಟಿ ಪ್ಲಗ್ ಬಿಚ್ಚಿ, ಒರೆಸಿ, ಹಾಕ್ತಾರೆ. ಕಿಕ್ ಹೊಡೆಯೋದೂ ಅವರೇ. ಅಮ್ಮ ಹ್ಯಾಂಡಲ್ ಹಿಡ್ಕೊಂಡು ಕೂರ್ತಾಳೆ, ಇವರು ಪಕ್ಕ ನಿಂತು ಒದೀತಾರೆ.

9/9

ಇವತ್ತಿನ ಸ್ಥಿತಿ ಹೇಳಿಬಿಡ್ತೀನಿ, ಕೇಳೋಕೆ ಮುಂಚೆ.

ಎಡಗಣ್ಣಲ್ಲಿ ಬೆಳಕು-ಕತ್ತಲೆ ಮಾತ್ರ. ಬಲಗಣ್ಣು ಪರವಾಗಿಲ್ಲ, ಮುಂದಿನ ಮಂಗಳವಾರ ಅದಕ್ಕೆ ಇನ್ನೊಂದು ಇಂಜೆಕ್ಷನ್ ಇದೆ. ಉಳಿಯುತ್ತಾ ಅಂದ್ರೆ ಡಾಕ್ಟ್ರು ಶುಗರ್ ಕಡೆ ಕೈ ತೋರಿಸ್ತಾರೆ. ಅಪ್ಪ ಜಾಮೂನು ಬಿಟ್ಟಿದಾರೆ. ಕೆಲಸ ಇನ್ನೂ ಇದೆ, ಫ್ಯಾಕ್ಟರಿ ಬಸ್ಸಲ್ಲಿ ಹೋಗ್ತಾರೆ. ಸ್ಟೋರ್ಸಿನ ರಿಜಿಸ್ಟರ್ ಓದೋಕೆ ದೊಡ್ಡ ಭೂತಗನ್ನಡಿ ಇಟ್ಕೊಂಡಿದಾರೆ. ಎಷ್ಟು ದಿನ ಅಂತ ಮನೇಲಿ ಯಾರೂ ಕೇಳಲ್ಲ.

ಅಮ್ಮನ ಲೈಸೆನ್ಸ್ ರಿನ್ಯೂ ಆಯ್ತು. ನಲವತ್ತು ದಾಟಿದೋರಿಗೆ ಡಾಕ್ಟ್ರ ಸರ್ಟಿಫಿಕೇಟ್ ಬೇಕು, ಕಣ್ಣು ಟೆಸ್ಟ್ ಮಾಡಿ ಕೊಟ್ರು. ಆ ಪೇಪರ್ ಕೈಲಿ ಹಿಡ್ಕೊಂಡು ಅವಳು ಹೊರಗೆ ಬಂದಾಗ ಅಪ್ಪ, 'ಪಾಸಾ?' ಅಂದ್ರು. ಅವಳು ಅವರ ಕೈಗೇ ಕೊಟ್ಲು. ಅವರು ಕಣ್ಣ ಹತ್ರ ಹಿಡಿದು ಪೂರ್ತಿ ಓದಿದ್ರು, ಸೀಲ್ ಸಮೇತ.

ನಾನೂ ಗೇರ್ ಗಾಡಿಗೆ ಎಲ್‌ಎಲ್ ಮಾಡಿಸಿದೀನಿ. ಗುರುಗಳು ಇಬ್ಬರು. ಒಬ್ಬರು ತಿರುವಲ್ಲಿ ಗೇರ್ ಇಳಿಸು ಅಂತಾರೆ, ಒಬ್ಬರು ಬೇಡ ಅಂತಾರೆ. ಮೊಣಕಾಲ ಕೆಳಗೆ ನಂಗೂ ಒಂದು ಕಪ್ಪು ಗುರುತಾಗಿದೆ. ಕೊನೇ ಫೋಟೋ ಅದೇ, ಊಟ ಮಾಡ್ತಾ ಇದ್ರೆ ಸ್ವೈಪ್ ಮಾಡಬೇಡಿ.

ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಹಳೇ ಗಾಡಿಯವರೆಲ್ಲ ಆಚರಿಸ್ತಾರಲ್ಲ, ಈ ಸಲ ನಾವೂ ಹೋಗಬೇಕು ಅಂತಿದೆ. ಆದ್ರೆ ಅದಕ್ಕೆ ಮುಂಚೆ ಒಂದು ಕೆಲಸ ಆಗಬೇಕು. ಹಿಂದಿನ ಎಡಗಡೆ ಫುಟ್‌ರೆಸ್ಟಿನ ರಬ್ಬರ್ ಪೂರ್ತಿ ಸವೆದುಹೋಗಿದೆ. ಇಪ್ಪತ್ತು ವರ್ಷ ಹಿಂದೆ ಕೂತೋರ ಕಾಲು ಅಲ್ಲಿ ಆಡ್ತಿತ್ತಲ್ಲ. ಅಪ್ಪಂಗೆ ಕಾಲು ಇಡೋ ಜಾಗ ಕಾಣಲ್ಲ, ಮುಟ್ಟಿ ನೋಡಿಯೇ ಇಡಬೇಕು. ನುಣ್ಣಗಾಗಿರೋದ್ರಿಂದ ಜಾರುತ್ತೆ. ಡುಪ್ಲಿಕೇಟ್ ಹಾಕಿ ನೋಡಿದ್ವಿ, ಕೂರಲ್ಲ.

ಯಾರ ಮನೆ ಅಟ್ಟದಲ್ಲಾದ್ರೂ, ಯಾರ ಮಾವನ ಗ್ಯಾರೇಜಲ್ಲಾದ್ರೂ ರೋಡ್‌ಕಿಂಗ್‌ದು ಒರಿಜಿನಲ್ ಇದ್ರೆ ಡಿಎಂ ಮಾಡಿ. ಎಡಗಡೆಯದ್ದು. ದುಡ್ಡು ಕೊಡ್ತೀವಿ, ಅಮ್ಮ ಒಂದು ಬ್ಲೌಸೂ ಹೊಲಿದುಕೊಡ್ತಾಳಂತೆ.

#ಮೈಸೂರು #ಯೆಜ್ಡಿ #ರೋಡ್‌ಕಿಂಗ್ #ಹೋಗುವಾಗಅವರುಬರುವಾಗನಾನು